ಒಳಸುತ್ತಿನ ತ್ರಿಕೋನ

"ಒಳಗಿಂದ ಹೊರಗೋ, ಹೊರಗಿಂದ ಒಳಗೋ? ಬೇಗ ಹೇಳಿ. ಹತ್ತು, ಒಂಬತ್ತು, ಎಂಟು..."

ಕಂಡಕ್ಟರ್ ಬೆರಳು ಮಡಚುತ್ತಿದ್ದ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಚಿಲ್ಲರೆ ಎಣಿಸಿದ ಬೆರಳು, ಎಣಿಕೆ ಸರಸರ ಸಾಗಿತ್ತು.

"ಗ್ರಾಮಫೋನ್ ಪ್ಲೇಟು ಹೊರಗಿಂದ ಒಳಗೆ ಓಡುತ್ತೆ. ಸಿ.ಡಿ. ಒಳಗಿಂದ ಹೊರಗೆ." ಲೈಬ್ರರಿ ಮೇಡಂ ಕವರಿನ ಮೇಲೆ ಬರೆಯುತ್ತಿದ್ದವರು ತಲೆ ಎತ್ತಲೇ ಇಲ್ಲ. "ಇದನ್ನ ಹೋದ ತಿಂಗಳೂ ಕೇಳಿದ್ರಿ."

"ಮರೆತಿರ್ತೀರಾ ಅಂತ ಕೇಳ್ದೆ."

"ಮರೆತಿದ್ದು ನೀವು. ಸೋತವರು ಟೀ ತರಬೇಕು."

ರಿಪೇರಿ ಯಜಮಾನರು ನಗಲು ಬಾಯಿ ತೆರೆದರು. ನಾಲ್ಕನೆಯ ಕುರ್ಚಿಯ ಕಡೆ ಕಣ್ಣು ಹೋಯಿತು. ತೆರೆದ ಬಾಯಿ ಹಾಗೇ ಮುಚ್ಚಿತು.

ಆ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಅದು ಅವಳ ತಮ್ಮ ಕೂರುತ್ತಿದ್ದ ಕುರ್ಚಿ. ಅವನು ಇದೇ ಕಟ್ಟಡದ ತಾರಸಿಯಿಂದ ಬಿದ್ದು ಸತ್ತು ಹನ್ನೊಂದು ದಿನವಾಗಿತ್ತು.

ರಿಪೇರಿ ಅಂಗಡಿಯ ಹಿಂದಿನ ಕೋಣೆ ಅದು. ಹೊಟ್ಟೆ ಬಗೆದ ಟೀವಿಗಳು, ಗೋಡೆಯುದ್ದಕ್ಕೂ ಡಿಸ್ಕುಗಳ ಡಬ್ಬಗಳು, ಕಿರ್ರೆನ್ನುವ ಎರಡು ಕಂಪ್ಯೂಟರ್. ಪ್ರತಿ ಶನಿವಾರ ಸಂಜೆ ಐದಕ್ಕೆ ಇಲ್ಲಿ ಸೇರಿ ಸಿ.ಡಿ. ರೈಟ್ ಮಾಡುವುದು ಇವರ ಹುಚ್ಚು. ಹಳೆ ಟೇಪಿನ ಹಾಡು, ಯಾರದೋ ಅಜ್ಜಿಯ ದನಿ, ಯಾರದೋ ಮದುವೆ, ಏನಾದರೂ ಸರಿ. ಡಿಸ್ಕೇ ಮಾಯವಾದ ಕಾಲದಲ್ಲಿ ಇವರಿಗೆ ಮಾತ್ರ ಅದು ಉಸಿರು. ಅಕ್ಕನ ತಮ್ಮನಿಗೆ ಇಲ್ಲಿ 'ನಾಲ್ಕೆಕ್ಸ್' ಅಂತ ಹೆಸರು. ಐವತ್ತರ ವೇಗದ ಯಂತ್ರ ಬಂದ ಮೇಲೂ ನಾಲ್ಕರ ವೇಗದಲ್ಲೇ ಬರೆಯುತ್ತಿದ್ದ ಮಹಾನುಭಾವ. ಒಂದು ಡಿಸ್ಕು ಮುಗಿಯುವಷ್ಟರಲ್ಲಿ ಉಳಿದವರು ಎರಡು ಸಿನಿಮಾದ ಕತೆ ಹೇಳಿ ಮುಗಿಸುತ್ತಿದ್ದರು.

ಈಗಲೂ ಸಿನಿಮಾದ ಮಾತೇ. ಬೇರೆ ಯಾವ ಮಾತಿಗೂ ಯಾರಿಗೂ ಧೈರ್ಯವಿರಲಿಲ್ಲ.

"ಆ ಹೀರೋ ನದಿಗೆ ಹಾರುವಾಗ ವಾಚು ಎಡಗೈಲಿ. ಎದ್ದು ಬರುವಾಗ ಬಲಗೈಲಿ. ಮೂವತ್ತು ವರ್ಷದಿಂದ ಜನ ನೋಡ್ತಿದ್ದಾರೆ, ಹಿಡಿದವನು ನಾನೊಬ್ಬನೇ," ಎಂದ ಕಂಡಕ್ಟರ್.

"ನೀರೊಳಗೆ ಬದಲಾಯಿಸ್ಕೊಂಡಿರ್ತಾನೆ ಬಿಡೋ," ಎಂದರು ಯಜಮಾನರು. "ಅವನಿಗೂ ಬೇರೆ ಏನು ಕೆಲಸ ಇತ್ತು ಅಲ್ಲಿ?"

ಯಾರೂ ನಗಲಿಲ್ಲ. ಯಜಮಾನರು ಅಕ್ಕನ ಕಡೆ ತಿರುಗಿ ಗಾಬರಿಯಾದರು.

"ಕೈ ತೆಗಿಯಮ್ಮಾ! ಅದು ಕಾದಿದೆ!"

ಅಕ್ಕ ನೋಡಿದಳು. ಅವಳ ಅಂಗೈ ಪಕ್ಕದ ಆಂಪ್ಲಿಫೈಯರಿನ ಮೇಲಿತ್ತು. ಅಂಗೈ ಕೆಂಪಾಗಿತ್ತು. ಅದು ಯಾರದೋ ಕೈ ಅನ್ನುವಂತೆ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಉರಿಯಲಿಲ್ಲ. ಹನ್ನೊಂದು ದಿನದಿಂದ ಏನೂ ಉರಿದಿರಲಿಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ದಿನವೂ ಹೋಗುತ್ತಿದ್ದಳು. "ಉಸಿರು ಹಿಡೀರಿ, ಬಿಡಿ" ಎಂದು ದಿನಕ್ಕೆ ಅರವತ್ತು ಸಲ ಹೇಳುತ್ತಿದ್ದಳು. ತಾನು ಯಾವಾಗ ಬಿಟ್ಟೆ ಅನ್ನುವುದು ಮಾತ್ರ ನೆನಪಿರಲಿಲ್ಲ.

ಅವಳು ಚೀಲದಿಂದ ಎಕ್ಸ್‌ರೇ ಫಿಲ್ಮಿನ ಖಾಕಿ ಕವರು ತೆಗೆದಳು. ಅದರೊಳಗಿಂದ ಒಂದು ಡಿಸ್ಕು.

"ಇದೇನಾ?" ಕಂಡಕ್ಟರ್ ದನಿ ಇಳಿಯಿತು.

"ಇದೇ. ಅವನ ಕಂಪ್ಯೂಟರಿನಲ್ಲಿ ಸಿಕ್ಕಿದ್ದು. ಇನ್ಸ್‌ಪೆಕ್ಟರ್ ಮಣಿಕಟ್ಟು ಮುರಿದಾಗ ಫಿಲ್ಮ್ ತೆಗೆದವಳು ನಾನು. ಆ ದಾಕ್ಷಿಣ್ಯಕ್ಕೆ ಮೂರು ದಿನ ಕೊಟ್ಟಿದ್ದಾರೆ. ಸೋಮವಾರ ವಾಪಸ್ ಕೊಟ್ಟು, ಆತ್ಮಹತ್ಯೆ ಅನ್ನೋ ಕಾಗದಕ್ಕೆ ಸಹಿ ಹಾಕಬೇಕು."

"ನೀನು ಕೇಳಿದ್ದೀಯಲ್ಲಾ?" ಎಂದರು ಯಜಮಾನರು.

"ನಾನು, ಅವನ ಹೆಂಡತಿ, ಮಗಳು ಕೇಳಿದ್ದೀವಿ. ಸ್ಟೇಷನ್ನಿನಲ್ಲಿ. ಎಂಟು ವರ್ಷದ ಮಗುವಿಗೂ ಕೇಳಿಸಿದ್ರು, ಹೊರಗೆ ಕೂರಿಸೋಕೆ ಯಾರಿಗೂ ಹೊಳೀಲಿಲ್ಲ. ನಿಮಗೆ ಯಾರೂ ಕೇಳಿಸಿಲ್ಲ. ಈಗ ಕೇಳಿ."

ಯಜಮಾನರು ಡಿಸ್ಕನ್ನು ಯಂತ್ರಕ್ಕೆ ಹಾಕಿದರು. ಇಪ್ಪತ್ತೆರಡು ಸೆಕೆಂಡು. ಸತ್ತವನ ದನಿ ಕೋಣೆ ತುಂಬಿತು.

"ನನ್ನಿಂದ ಇನ್ನು ಆಗಲ್ಲ. ದಿನಾ ಅದೇ ಮನೆ, ಅದೇ ಮುಖ, ಅದೇ ಮೌನ. ನಾನು ಹೊರಟೆ. ಹುಡುಕಬೇಡಿ."

ಅಷ್ಟೇ. ಅದೇ ಮುಖ ಅನ್ನುವ ಎರಡು ಪದ ಒಂದು ಮನೆಯನ್ನೇ ತಿಂದುಹಾಕಿತ್ತು. ತಮ್ಮನ ಹೆಂಡತಿ ಬಚ್ಚಲಿನ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದಳು. ಮಗಳು ನಿನ್ನೆ ಅಕ್ಕನ ಸೆರಗು ಜಗ್ಗಿ ಕೇಳಿತ್ತು: "ಅತ್ತೆ, ಅಪ್ಪ ಹೇಳಿದ್ದು ಅಮ್ಮನ ಮುಖಾನಾ, ನನ್ನ ಮುಖಾನಾ?" ಅಕ್ಕ ಉತ್ತರ ಕೊಟ್ಟಿರಲಿಲ್ಲ. ಸೋಮವಾರ ಸಹಿ ಹಾಕಿದರೆ ಅದೇ ಉತ್ತರ.

"ಇನ್ನೊಂದ್ಸಲ ಹಾಕಿ," ಎಂದ ಕಂಡಕ್ಟರ್.

ಹಾಕಿದರು. ಅವನು ಕಣ್ಣು ಮುಚ್ಚಿ ಕೇಳಿದ. ಮೂರನೆಯ ಸಲವೂ ಕೇಳಿದ. ಆಮೇಲೆ ತಲೆ ಎತ್ತಿ ಚಾವಣಿ ನೋಡಿದ.

"ಯಜಮಾನ್ರೇ, ಆ ಟಕ್-ಕಿರ್, ಟಕ್-ಕಿರ್ ಏನು ಹೇಳಿ."

ಮೂವರೂ ಮೇಲೆ ನೋಡಿದರು. ಚಾವಣಿಯಲ್ಲಿ ಬಿಳಿ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.

"ಹಳೇ ಫ್ಯಾನು," ಎಂದರು ಯಜಮಾನರು ನಿಧಾನವಾಗಿ. "ಅದನ್ನ ಕಿತ್ತು ಹಾಕಿ ಒಂದು ವರ್ಷ ಆಯ್ತಲ್ಲೋ."

"ಅದೇ ನಾನು ಹೇಳ್ತಿರೋದು. ವಾಚು ಬಲಗೈಲಿದೆ." ಕಂಡಕ್ಟರ್ ಎದ್ದು ನಿಂತ. "ಇದು ನಮ್ಮ ನಾಟಕ! ಮನೆ ಬಿಟ್ಟು ಓಡಿಹೋಗೋ ರೈಲ್ವೆ ಗೇಟಿನವನದ್ದು. ನಾವೇ ಬರೆದಿದ್ದು, ಇದೇ ರೂಮಲ್ಲಿ ರೆಕಾರ್ಡ್ ಮಾಡಿದ್ದು. 'ಹುಡುಕಬೇಡಿ' ಅಂತ ಬಾಗಿಲವರೆಗೂ ಹೋಗಿ, ವಾಪಸ್ ಬಂದು 'ನನ್ನ ಟಿಫಿನ್ ಡಬ್ಬಿ ಎಲ್ಲಿ' ಅಂತಾನಲ್ಲ! ಅಲ್ಲಿಗೆ ನಾವೆಲ್ಲ ನಕ್ಕು ಟೇಕ್ ಹಾಳು ಮಾಡಿದ್ವಿ. ನಗು ಬರೋ ಮುಂಚೆ ಯಾರೋ ಕತ್ತರಿಸಿದ್ದಾರೆ."

ತಮ್ಮ ಸಾಯುವ ದಿನ ಆ ಮಾತು ಆಡಿಯೇ ಇರಲಿಲ್ಲ. ಯಾರೋ ಅವನ ನಾಲಿಗೆಯನ್ನು ಎರವಲು ತಂದಿದ್ದರು.

ಅಕ್ಕನಿಗೆ ಅಳು ಬರಬೇಕಿತ್ತು, ಇಲ್ಲವೇ ಸಿಟ್ಟು. ಎರಡೂ ಬರಲಿಲ್ಲ. "ಆ ನಾಟಕ ಯಾರ್‍ಯಾರ ಹತ್ರ ಇದೆ?" ಎಂದು ಕೇಳಿದಳು. ಔಷಧದ ಚೀಟಿ ಓದುವ ದನಿಯಲ್ಲಿ.

"ಎರಡೇ ಪ್ರತಿ," ಎಂದರು ಯಜಮಾನರು. "ನಾವು ಯಾವುದನ್ನೇ ಬರೆದರೂ ಎರಡು ಬರೀತೀವಿ, ಎರಡು ಬೇರೆ ಕಡೆ ಇಡ್ತೀವಿ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಇರಲಿ ಅಂತ. ಒಂದು ನಿನ್ನ ತಮ್ಮನ ಮನೇಲಿ. ಇನ್ನೊಂದು ಮೇಡಂ ಹತ್ರ, ಲೈಬ್ರರಿ ಬೀರುವಿನಲ್ಲಿ."

ಲೈಬ್ರರಿ ಮೇಡಂ ಆಗಲೇ ಎದ್ದಿದ್ದರು. ಮೂಗಿನ ಮೇಲಿನ ಕನ್ನಡಕ ಜಾರಿ ದಾರದಲ್ಲಿ ನೇತಾಡುತ್ತಿತ್ತು. ಅವರು ಬರೆಯುತ್ತಿದ್ದ ಕವರಿನ ಮೇಲೆ ಒಂದೇ ತಾರೀಕು ಮೂರು ಸಲ ಬಿದ್ದಿತ್ತು.

"ನಾನು ತರ್ತೀನಿ. ಎರಡನ್ನೂ ಒಟ್ಟಿಗೆ ಹಾಕಿ ಹೋಲಿಸಿದರೆ ಮುಗೀತು. ರಸ್ತೆ ದಾಟಿದರೆ ಲೈಬ್ರರಿ, ಐದು ನಿಮಿಷ."

ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಅಕ್ಕ ಡಿಸ್ಕನ್ನು ಹೊರಗೆ ತೆಗೆಸಿದಳು. ಅಂಚು ಹಿಡಿದು, ಕೆಳಮೈ ಕಾಣುವಂತೆ ಟ್ಯೂಬ್‌ಲೈಟಿಗೆ ಎತ್ತಿದಳು. ಮುರಿದ ಪಕ್ಕೆಲುಬು ಹುಡುಕುವಾಗ ಫಿಲ್ಮು ಎತ್ತಿ ನೋಡುವುದು ಹೀಗೆಯೇ. ಬೂದಿಯಲ್ಲಿ ಬೂದಿ ಬಣ್ಣ ಬೇರೆ ಮಾಡುವುದು ಅವಳ ಇಪ್ಪತ್ತಾರು ವರ್ಷದ ಅನ್ನ.

"ನಿನ್ನೆ ಆಸ್ಪತ್ರೆಯಲ್ಲಿ ಸುಮ್ಮನೆ ಬೆಳಕಿಗೆ ಹಿಡಿದೆ. ಒಳಗಿನ ತೂತಿನಿಂದ ಬೆರಳಿನಗಲ ಒಂದು ಬಣ್ಣ. ಆಮೇಲೆ ಕೂದಲೆಳೆಯಷ್ಟು ಗೆರೆ. ಅದರಾಚೆ ದಾರದಷ್ಟು ಅಗಲ ಇನ್ನೊಂದು ಬಣ್ಣ. ಉಳಿದದ್ದೆಲ್ಲ ಖಾಲಿ. ಇಪ್ಪತ್ತೆರಡು ಸೆಕೆಂಡಿಗೆ ಇಷ್ಟು ಜಾಗ ಬೇಕಾ?"

ಯಜಮಾನರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಇಟ್ಟರು.

"ಬೇಡ. ದಾರದಷ್ಟು ಸಾಕು."

"ಮತ್ತೆ ಆ ಬೆರಳಿನಗಲದ್ದು?"

"ಮೊದಲು ಬರೆದದ್ದು," ಕಂಡಕ್ಟರ್ ಬಾಯಿ ಹಾಕಿದ. ಮಾತು ತೊದಲುತ್ತಿತ್ತು. "ಅಕ್ಕಾ, ಈ ಡಿಸ್ಕಿನಲ್ಲಿ ಒಂದು ಸಲ ಬರೆದದ್ದನ್ನ ಬ್ರಹ್ಮ ಬಂದರೂ ಅಳಿಸೋಕಾಗಲ್ಲ. ಆದ್ರೆ ಖಾಲಿ ಜಾಗ ಇದ್ದರೆ ಮುಂದಕ್ಕೆ ಇನ್ನೊಂದು ಬರೀಬಹುದು. ಹಳೇದನ್ನ ಜೊತೆ ಸೇರಿಸದೆ ಬರೆದರೆ ಯಂತ್ರ ಕೊನೇದನ್ನ ಮಾತ್ರ ತೋರಿಸುತ್ತೆ. ಪೊಲೀಸರಿಗೆ ಕಂಡದ್ದು ಆ ದಾರ. ಬೆರಳಿನಗಲ ಅಡಿಯಲ್ಲೇ ಉಳಿದಿದೆ."

"ಅಡಗಿಸೋದಾದ್ರೆ ಮುರಿದು ಬಿಸಾಡಬಹುದಿತ್ತು. ಇದರ ಮೇಲೇ ಯಾಕೆ ಬರೆದ್ರು?"

"ಅವನ ಕೈಬರಹಕ್ಕೆ." ಕಂಡಕ್ಟರ್ ಡಿಸ್ಕಿನ ಮಧ್ಯದ ಗಾಜಿನಂಥ ಸುತ್ತನ್ನು ತೋರಿಸಿದ. ಅಲ್ಲಿ ಹಸಿರು ಶಾಯಿಯಲ್ಲಿ ಇರುವೆಗಾಲಿನ ಅಕ್ಷರ, ಸತ್ತ ದಿನದ ತಾರೀಕು. "ಆ ದಿನದ ತಾರೀಕು, ಅವನದೇ ಕೈ. ಇಂಥದ್ದು ಬೇರೆ ಎಲ್ಲಿ ಸಿಗಬೇಕು? ಪೊಲೀಸರು ಕೈಬರಹ ನೋಡಿ ಕಣ್ಣು ಮುಚ್ಕೊಂಡ್ರು."

"ತಾರೀಕಿನ ಪಕ್ಕ ಇನ್ನೊಂದು ಇದೆ," ಎಂದಳು ಅಕ್ಕ. "ಸಾಸಿವೆಗಿಂತ ಚಿಕ್ಕದು. ತ್ರಿಕೋನ."

ಅವಳು ಗೋಡೆಯ ಡಬ್ಬದಿಂದ ನಾಲ್ಕು ಡಿಸ್ಕು ತೆಗೆದು ಮೇಜಿನ ಮೇಲೆ ಹರಡಿದಳು. ಎಲ್ಲದರ ಒಳಸುತ್ತಿನಲ್ಲೂ ತಾರೀಕು, ಪಕ್ಕದಲ್ಲಿ ಒಂದು ಪುಟ್ಟ ಗುರುತು.

"ಅದು ನಮ್ಮ ನಿಯಮ," ಎಂದ ಕಂಡಕ್ಟರ್. "ಬರೆದವರು ತಾವೇ ಪರೀಕ್ಷೆ ಮಾಡೋ ಹಾಗಿಲ್ಲ. ಹಿಂದೆ ಯಜಮಾನ್ರು ಯಾರದೋ ಮದುವೆ ಡಿಸ್ಕು ಅಂತ ಖಾಲಿ ಡಿಸ್ಕು ಕೊಟ್ಟು ಬೈಸ್ಕೊಂಡಿದ್ರಂತೆ, ಆವತ್ತಿಂದ. ಇನ್ನೊಬ್ಬರು ಮೊದಲಿಂದ ಕೊನೆವರೆಗೂ ಕೇಳಿ, ಸರಿ ಇದ್ರೆ ತಮ್ಮ ಗುರುತು ಹಾಕ್ಬೇಕು. ನನ್ನದು ಅಡ್ಡಗೀಟು. ಮೇಡಂದು ಸೊನ್ನೆ. ನಾಲ್ಕೆಕ್ಸ್‌ದು ಎರಡು ಗೀಟು. ಯಜಮಾನ್ರದ್ದು ಚುಕ್ಕೆ. ತ್ರಿಕೋನ..." ಅವನು ಹಣೆ ಕೆರೆದುಕೊಂಡ. "ನಾನು ಸೇರಿ ಐದು ವರ್ಷ ಆಯ್ತು. ತ್ರಿಕೋನ ಒಂದನ್ನೂ ನೋಡಿಲ್ಲ. ಅಲ್ವಾ ಯಜಮಾನ್ರೇ?"

ಯಜಮಾನರು ಬೆಸುಗೆ ಕಡ್ಡಿಯ ತುದಿ ಒರೆಸುತ್ತಿದ್ದರು. ಅದು ಬಿಸಿಯೇ ಆಗಿರಲಿಲ್ಲ. ಆದರೂ ಒರೆಸುತ್ತಲೇ ಇದ್ದರು.

ಕಂಡಕ್ಟರ್ ಅವರ ಮುಖ ನೋಡಿದ, ಅಕ್ಕನ ಮುಖ ನೋಡಿದ. ಮೂಲೆಯಲ್ಲಿದ್ದ ಸ್ಟೀಲ್ ಫ್ಲಾಸ್ಕ್ ಎತ್ತಿಕೊಂಡ.

"ನೀವು ಮಾತಾಡ್ಕೊಳ್ಳಿ. ಸೋತಿದ್ದು ನಾನೇ ಅಲ್ವಾ, ಟೀ ತರ್ತೀನಿ."

ಬಾಗಿಲು ಮುಚ್ಚಿತು. ಅಕ್ಕ ಕುರ್ಚಿ ಎಳೆದುಕೊಂಡು ಯಜಮಾನರ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಕೈಬರಹ ಗುರುತಿಸೋಕೆ ಅಂತ ಮೊದಲನೇ ದಿನವೇ ಪೊಲೀಸರು ನಿಮ್ಮನ್ನ ಕರೆಸಿದ್ರು. ಆವತ್ತೇ ಈ ತ್ರಿಕೋನ ನೋಡಿದ್ರಿ."

"ನನ್ನ ಕಣ್ಣು ಮೊದಲಿನ ಹಾಗಿಲ್ಲಮ್ಮಾ."

"ಕೂದಲಿನಂಥ ತಂತಿಗೆ ಬೆಸುಗೆ ಹಾಕೋ ಕಣ್ಣು. ನನ್ನ ಹತ್ರ ಆಟ ಬೇಡ. ಯಾರದ್ದು ಅದು?"

"ತಮ್ಮನನ್ನ ಕಳ್ಕೊಂಡಿದ್ದೀಯ. ಸಾಕು ಮಾಡು ತಾಯಿ. ಮನೆಗೆ ಹೋಗು."

"ಯಾರದ್ದು ಅಂತ ಕೇಳ್ದೆ."

"ಹೇಳಲ್ಲ!" ಯಜಮಾನರು ಮೇಜಿಗೆ ಗುದ್ದಿದರು. ಡಿಸ್ಕುಗಳು ಕುಣಿದವು. "ಹೇಳಿದ್ರೆ ಏನು ಮಾಡ್ತೀಯ? ಸತ್ತವನು ಸತ್ತ. ಇರೋಳನ್ನೂ ಜೈಲಿಗೆ ಕಳಿಸ್ತೀಯಾ? ಆ ಮಗುವನ್ನ ಯಾರು ನೋಡ್ಕೋತಾರೆ, ನಿನ್ನ ಎಕ್ಸ್‌ರೇ ಮಿಷನ್ನಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೆ ಅರ್ಥವಾಯಿತು.

ಅಕ್ಕ ಅಲುಗಲಿಲ್ಲ. ಇರೋಳು. ಮಗು. ಎರಡು ತುಂಡು ಮೂಳೆ ಫಿಲ್ಮಿನ ಮೇಲೆ ಒಂದಾಗುವುದನ್ನು ನೋಡುವ ಹಾಗೆ ಕೂತಿದ್ದಳು.

"ಅವನ ಹೆಂಡತಿ."

"ಮದುವೆಗೆ ಮುಂಚೆ ಇಲ್ಲಿಗೆ ಬರ್ತಿದ್ದಳು," ಎಂದರು ಯಜಮಾನರು. ಸಿಟ್ಟೆಲ್ಲ ಇಳಿದು ಬರೀ ಮುದುಕನ ದನಿ ಉಳಿದಿತ್ತು. "ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದೇ ಈ ರೂಮಿನಲ್ಲಿ. ಡಿಸ್ಕು ರೈಟ್ ಮಾಡೋದು ನಾನೇ ಕಲಿಸಿದ್ದು. ಮಗು ಹುಟ್ಟಿದ ಮೇಲೆ ನಿಲ್ಲಿಸಿದಳು. ತ್ರಿಕೋನ ಅವಳದ್ದು. ನನಗೆ ಮಕ್ಕಳಿಲ್ಲಮ್ಮಾ. ಅವಳನ್ನ ಮಗಳು ಅಂದ್ಕೊಂಡಿದ್ದೆ. ಸ್ಟೇಷನ್ನಿನಲ್ಲಿ ಅದನ್ನ ನೋಡಿದೆ. ಕೈಬರಹ ಅವನದ್ದೇ ಅಂದೆ. ತ್ರಿಕೋನದ ಸುದ್ದಿ ಎತ್ತಲಿಲ್ಲ."

ಆ ದಿನ ಬೆಳಿಗ್ಗೆ ತಿಂಡಿಯ ನಂತರ ಗಂಡನನ್ನು ನೋಡಲೇ ಇಲ್ಲ ಎಂದು ಅವಳು ಪೊಲೀಸರಿಗೆ ಹೇಳಿದ್ದಳು. ಸುಳ್ಳು. ಯಾರ ತಲೆಯ ಮೇಲಿನ ದೂರು ಇಳಿಸಲು ಅಕ್ಕ ಇಲ್ಲಿಗೆ ಬಂದಿದ್ದಳೋ, ಅವಳೇ ಸುಳ್ಳು ಹೇಳಿದ್ದಳು. ಇವತ್ತು ಬೆಳಿಗ್ಗೆ ಕೂಡ ತಟ್ಟೆಗೆ ಅನ್ನ ಹಾಕಿ, "ಅಕ್ಕಾ, ಎರಡು ತುತ್ತಾದರೂ ತಿನ್ನಿ" ಎಂದಿದ್ದಳು.

ನೋಯಬೇಕಿತ್ತು. ನೋಯಲಿಲ್ಲ. ತಲೆ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

"ಯಜಮಾನ್ರೇ, ಬರೆದವರು ಗುರುತು ಹಾಕೋ ಹಾಗಿಲ್ಲ ಅಂದ್ರಲ್ಲ?"

"ಹೌದು."

"ಹಾಗಾದ್ರೆ ತ್ರಿಕೋನ ಹಾಕಿದವಳು ಬರೆದಿಲ್ಲ. ಬೇರೆ ಯಾರೋ ಬರೆದದ್ದನ್ನ ಕೇಳಿದ್ದಾಳೆ."

ಯಜಮಾನರು ತಲೆ ಎತ್ತಿದರು. ಹನ್ನೊಂದು ದಿನ ಆ ಗುರುತಿಗೆ ಹೆದರಿ ಕೂತ ಮನುಷ್ಯ, ತಾನೇ ಮಾಡಿದ ನಿಯಮವನ್ನು ಮರೆತಿದ್ದರು.

"ಯಾವುದನ್ನ ಕೇಳಿದಳು ಅನ್ನೋದೇ ಪ್ರಶ್ನೆ," ಎಂದಳು ಅಕ್ಕ. "ಬೆರಳಿನಗಲದ್ದಾ, ದಾರದಷ್ಟಿನದ್ದಾ? ಮೊದಲನೆಯದಾದರೆ ಅವನು ಬರೆದದ್ದನ್ನ ಹೆಂಡತಿ ಕೇಳಿದ್ದಾಳೆ, ಅಷ್ಟೇ. ಎರಡನೆಯದಾದರೆ, ಕೊಂದವರ ಪಕ್ಕದಲ್ಲಿ ಕೂತು ಕೇಳಿದ್ದಾಳೆ. ಅಡಿಯಲ್ಲಿರೋದನ್ನ ತೆಗೆಯೋಕೆ ನಿಮಗೆ ಬರುತ್ತಾ?"

"ಬರುತ್ತೆ," ಎಂದರು ಅವರು, ಆಗಲೇ ಡಿಸ್ಕಿಗೆ ಕೈ ಚಾಚುತ್ತ.

ಯಂತ್ರ ಗೊರಗುಟ್ಟಿತು. ಪರದೆಯ ಮೇಲೆ ಎರಡು ಸಾಲು ಮೂಡಿದವು. ಎರಡನೆಯದು ಇಪ್ಪತ್ತೆರಡು ಸೆಕೆಂಡು. ಮೊದಲನೆಯದು ಮೂವತ್ತೊಂದು ನಿಮಿಷ. ಹೆಸರಿನ ಜಾಗದಲ್ಲಿ ತಾರೀಕು ಬಿಟ್ಟರೆ ಏನೂ ಇಲ್ಲ.

ಯಜಮಾನರ ಬೆರಳು ಗುಂಡಿಯ ಮೇಲೆ ಹೋಯಿತು. ಅಕ್ಕ ಅದನ್ನು ಹಿಡಿದಳು.

"ತಡೀರಿ. ಮೊದಲು ಅವಳ ಬಾಯಿಂದ ಕೇಳ್ಬೇಕು. ಇದನ್ನ ಕೇಳಿದ ಮೇಲೆ ಅವಳ ಮಾತು ನಂಬೋ ಶಕ್ತಿ ನನಗೆ ಉಳಿಯುತ್ತೋ ಇಲ್ವೋ."

ಅಕ್ಕ ತಮ್ಮನ ಮನೆಗೆ ಫೋನು ಮಾಡಿದಳು. ಒಂದೇ ಸಲ ಬಡಿದುಕೊಂಡಿತು. ಆ ಕಡೆ ಎತ್ತಿದರು. ಹಿಂದೆ ಮಗು ಪಾಠ ಓದುವ ಸದ್ದು.

"ನೋಡಮ್ಮಾ, ಒಂದೇ ಮಾತು ಕೇಳ್ತೀನಿ. ಆ ಡಿಸ್ಕಿನ ಮೇಲೆ ನಿನ್ನ ತ್ರಿಕೋನ ಇದೆ. ಆವತ್ತು ನೀನು ಕೇಳಿದ್ದು ಎಷ್ಟು ಹೊತ್ತಿನದ್ದು?"

ಮಗುವಿನ ದನಿ ದೂರವಾಯಿತು. ಒಂದು ಬಾಗಿಲು ಮುಚ್ಚಿದ ಸದ್ದು.

"ಅರ್ಧ ಗಂಟೆ," ಎಂದಳು ತಮ್ಮನ ಹೆಂಡತಿ. ಪಿಸುಮಾತು. "ಮಧ್ಯಾಹ್ನ ಮನೆಗೆ ತಂದಿದ್ರು. ಪೂರ್ತಿ ಕೇಳಿ ಗುರುತು ಹಾಕು ಅಂದ್ರು. ಹಾಕ್ದೆ. ನನ್ನನ್ನ ನೋಡಿದ್ದು ಯಾರಿಗೂ ಹೇಳಬೇಡ, ಮಗುವಿನ ಮೇಲೆ ಆಣೆ ಅಂದ್ರು. ಅದಕ್ಕೇ ಹೇಳ್ಲಿಲ್ಲ ಅಕ್ಕಾ. ಸಂಜೆ ಅಷ್ಟೊತ್ತಿಗೆ..." ಮಾತು ನಿಂತಿತು. "ಅದೇ ಮುಖ ಅಂದಿದ್ದು ಅವರಲ್ಲ ಅಲ್ವಾ ಅಕ್ಕಾ?"

"ಅಲ್ಲ. ಅದು ನಾಟಕದ ಮಾತು."

ಆ ಕಡೆಯಿಂದ ಒಂದು ಸದ್ದು ಬಂತು. ಅಳುವೋ, ಉಸಿರೋ ತಿಳಿಯಲಿಲ್ಲ. ಅದು ಮುಗಿಯುವವರೆಗೂ ಅಕ್ಕ ಕಾದಳು.

"ಅರ್ಧ ಗಂಟೆಯಲ್ಲಿ ಮಾತಾಡಿದ್ದು ಯಾರು? ಅವನಾ?"

"ಅವರಲ್ಲ. ಅವರು ಬರೀ ಪ್ರಶ್ನೆ ಕೇಳಿದ್ರು. ಮಾತಾಡಿದ್ದು ಲೈಬ್ರರಿ ಮೇಡಂ. ಅಳ್ತಾ ಅಳ್ತಾ ಎಲ್ಲಾ ಹೇಳಿದ್ರು, ಒಬ್ಬರ ಹೆಸರು ಬಿಟ್ಟು. ಹೆಸರು ಶನಿವಾರ ಎಲ್ಲರ ಎದುರಿಗೇ ಹೇಳ್ತೀನಿ ಅಂತ..." ಅವಳ ದನಿ ಇದ್ದಕ್ಕಿದ್ದಂತೆ ಬದಲಾಯಿತು. "ಅಕ್ಕಾ, ಅವರು ಹೋದ ಮೇಲೆ ಎಲ್ಲರೂ ಸೇರ್ತಿರೋ ಮೊದಲ ಶನಿವಾರ ಇವತ್ತೇ. ಮೇಡಂ ನಿಮ್ಮ ಪಕ್ಕದಲ್ಲೇ ಇದ್ದಾರಲ್ಲ?"

"ಲೈಬ್ರರಿಗೆ ಹೋದ್ರು. ಡಿಸ್ಕು ತರೋಕೆ."

"ಒಬ್ಬರೇನಾ?"

ಅಕ್ಕ ಗೋಡೆ ಗಡಿಯಾರ ನೋಡಿದಳು. ಐದು ನಿಮಿಷ ಅಂತ ಹೋದವರು. ಇಪ್ಪತ್ತೈದು ನಿಮಿಷವಾಗಿತ್ತು. ಟೀ ಕೂಡ ಬಂದಿರಲಿಲ್ಲ.

"ಯಜಮಾನ್ರೇ, ಆ ಡಿಸ್ಕು ಹೊರಗೆ ತೆಗೀರಿ. ಅಂಗಿಯೊಳಗೆ ಇಟ್ಕೊಳ್ಳಿ. ಬಾಗಿಲು ಒಳಗಿಂದ ಹಾಕ್ಕೊಳ್ಳಿ. ನಾನು ಕರೆದರೆ ಮಾತ್ರ ತೆಗೀರಿ. ಬೇರೆ ಯಾರು ಕರೆದರೂ ಬೇಡ."

"ಯಾರು ಕರೆದರೂ ಅಂದ್ರೆ? ನಮ್ಮ ಹುಡುಗ ಟೀ ತಂದ್ರೆ?"

"ಅವನಿಗೂ ಬೇಡ," ಎಂದಳು ಅಕ್ಕ. ಅಂಗಡಿ ದಾಟಿ, ರಸ್ತೆಗಿಳಿದಳು. ಬೀದಿದೀಪ ಆಗತಾನೇ ಹತ್ತಿಕೊಳ್ಳುತ್ತಿತ್ತು. ಒಂದು ಬಸ್ಸು, ಎರಡು ಸೈಕಲ್ಲು ದಾಟುವವರೆಗೆ ನಿಲ್ಲಬೇಕಾಯಿತು. ಎದುರಿಗೆ ಲೈಬ್ರರಿ. ಒಳಗೆ ಬೀರುಗಳಿರುವ ಕಡೆಯ ದೀಪ ಉರಿಯುತ್ತಿತ್ತು.

ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

"ಮೇಡಂ?" ಅಕ್ಕ ಬಾಗಿಲು ಬಡಿದಳು. "ಮೇಡಂ!"

ಒಳಗೆ ಯಾರೋ ದೀಪ ಆರಿಸಿದರು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಾಲಿಗೆ ಏನೋ ತಾಗಿ ಉರುಳಿತು. ಬಗ್ಗಿ ಹಿಡಿದುಕೊಂಡಳು. ಕಂಡಕ್ಟರ್ ಟೀ ತರಲು ಒಯ್ದಿದ್ದ ಸ್ಟೀಲ್ ಫ್ಲಾಸ್ಕು. ಮುಚ್ಚಳ ಸಡಿಲವಾಗಿತ್ತು. ಅದರೊಳಗಿನ ಟೀ ಬೆರಳುಗಳ ಮೇಲೆ ಹರಿಯಿತು.

ಸುಟ್ಟಿತು. ಹನ್ನೊಂದು ದಿನದಲ್ಲಿ ಮೊದಲ ಸಲ, ಅವಳ ಕೈಗೆ ಸುಟ್ಟಿತು.